ಸೈಕಲ್ ತುಳಿಯದವರಿಗೂ ಸೈಕಲ್ ಲೇನ್ ಯಾಕೆ ಬೇಕು?

ಬೆಂಗಳೂರಿನಲ್ಲಿ ಸೈಕಲ್ ಲೇನ್ ಮಾತು ಎತ್ತಿದರೆ ಸಾಕು, ಮೊದಲು ಬರುವ ಪ್ರಶ್ನೆ ಒಂದೇ: "ಇಲ್ಲಿ ಸೈಕಲ್ ಹೊಡೆಯೋರು ಎಷ್ಟು ಜನ ಇದ್ದಾರೆ?" ಕೇಳುವವರ ಸಂಕಟ ಅರ್ಥವಾಗುತ್ತದೆ. ದಿನಾ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಮನೆ ಸೇರುವವರಿಗೆ, ಇರುವ ರಸ್ತೆಯಲ್ಲೇ ಎರಡು ಮೀಟರ್ ಕಿತ್ತು ಇನ್ಯಾರಿಗೋ ಕೊಡುತ್ತೇವೆ ಅಂದರೆ ಸಿಟ್ಟು ಬರುವುದು ಸಹಜ. ಆದರೆ ಆ ಎರಡು ಮೀಟರ್ ಸೈಕಲ್‌ನವರಿಗೆ ಮಾತ್ರ ಸೇರುತ್ತದೆ ಅನ್ನುವ ಲೆಕ್ಕವೇ ತಪ್ಪು. ಗಟ್ಟಿ ತಡೆ ಇರುವ ಸೈಕಲ್ ಲೇನ್ ಇಡೀ ರಸ್ತೆಯ ನಡವಳಿಕೆಯನ್ನೇ ಬದಲಿಸುತ್ತದೆ. ರಸ್ತೆ ದಾಟುವ ಅಜ್ಜಿ, ಬಸ್ ಇಳಿಯುವ ವಿದ್ಯಾರ್ಥಿನಿ, ಸ್ಕೂಟರ್ ಓಡಿಸುವ ಅಪ್ಪ, ಕಾರಿನಲ್ಲಿ ಕೂತವರು, ಎಲ್ಲರಿಗೂ ಅದರಿಂದ ಅಪಾಯ ಕಡಿಮೆಯಾಗುತ್ತದೆ.

ಮೊದಲು ಸಾಯುತ್ತಿರುವವರು ಯಾರು ಅಂತ ನೋಡೋಣ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ದ್ವಿಚಕ್ರ ವಾಹನದವರು ಸುಮಾರು 75 ಸಾವಿರ. ಪಾದಚಾರಿಗಳು 32 ಸಾವಿರಕ್ಕಿಂತ ಜಾಸ್ತಿ. ಸೈಕಲ್ ಸವಾರರು ಸುಮಾರು 4,800. ಈ ಮೂರೂ ಗುಂಪನ್ನು ಕೂಡಿಸಿದರೆ, ಸತ್ತ ಪ್ರತಿ ಮೂವರಲ್ಲಿ ಇಬ್ಬರು ಸುತ್ತ ಯಾವ ರಕ್ಷಣೆಯೂ ಇಲ್ಲದೆ ರಸ್ತೆಯಲ್ಲಿದ್ದವರು. ಹತ್ತರಲ್ಲಿ ಏಳು ಸಾವಿಗೆ ಅತಿವೇಗವೇ ಕಾರಣ ಎಂದು ಅದೇ ವರದಿ ಹೇಳುತ್ತದೆ.

"ನಮ್ಮೂರಲ್ಲಿ ಸ್ಪೀಡ್ ಎಲ್ಲಿದೆ ಸ್ವಾಮಿ, ವಾಹನ ಮುಂದಕ್ಕೆ ಹೋದರೆ ತಾನೇ?" ಅಂತ ಕೇಳಬಹುದು. ಬೆಳಿಗ್ಗೆ ಒಂಬತ್ತಕ್ಕೆ ಅದು ನಿಜ. ಅದೇ ರಸ್ತೆಯನ್ನು ರಾತ್ರಿ ಹನ್ನೊಂದಕ್ಕೆ ನೋಡಿ. ನಸುಕಿನ ಐದಕ್ಕೆ ನೋಡಿ. ನಾಲ್ಕು ಲೇನ್ ಖಾಲಿ, ಸಿಗ್ನಲ್ ಹಳದಿ ಮಿಟುಕಿಸುತ್ತಿರುತ್ತದೆ, ಕಾಲು ತಾನಾಗಿಯೇ ಆಕ್ಸಿಲರೇಟರ್ ಒತ್ತುತ್ತದೆ. ಆ ಹೊತ್ತಿನಲ್ಲೇ ಪೇಪರ್ ಹಾಕುವ ಹುಡುಗರು, ಹಾಲಿನವರು, ಪೌರಕಾರ್ಮಿಕರು, ರಾತ್ರಿ ಪಾಳಿ ಮುಗಿಸಿದ ಸೆಕ್ಯುರಿಟಿ ಗಾರ್ಡ್‌ಗಳು ಬೀದಿಯಲ್ಲಿರುತ್ತಾರೆ. ಹಗಲಿನ ದಟ್ಟಣೆಗೆ ಅಂತ ಅಗಲ ಮಾಡಿದ ರಸ್ತೆ ರಾತ್ರಿ ಇವರ ಜೀವಕ್ಕೆ ಎರವಾಗುತ್ತದೆ.

ವೇಗದ ಲೆಕ್ಕ ಸರಳವಾಗಿದೆ. ಗಂಟೆಗೆ 50 ಕಿ.ಮೀ. ವೇಗದ ವಾಹನಕ್ಕೆ 30 ಕಿ.ಮೀ. ವೇಗದ ವಾಹನಕ್ಕಿಂತ ಸುಮಾರು 2.8 ಪಟ್ಟು ಹೆಚ್ಚು ಶಕ್ತಿ ಇರುತ್ತದೆ. ಚಾಲಕರು ಅಪಾಯ ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡ್ ಬೇಕು ಅಂತ ಇಟ್ಟುಕೊಳ್ಳಿ. ಒಣಗಿದ ಒಳ್ಳೆಯ ರಸ್ತೆಯಲ್ಲಿ 30ರ ವೇಗದವರು ಸುಮಾರು 13 ಮೀಟರ್‌ನಲ್ಲಿ ನಿಲ್ಲುತ್ತಾರೆ. 50ರಲ್ಲಿ ಇದ್ದವರಿಗೆ ಸುಮಾರು 28 ಮೀಟರ್ ಬೇಕು. ಹದಿನೈದು ಮೀಟರ್ ಮುಂದೆ ಮಗು ಅಡ್ಡ ಬಂದರೆ ಮೊದಲನೆಯವರು ನಿಂತಿರುತ್ತಾರೆ. ಎರಡನೆಯವರು ಬ್ರೇಕ್ ಹಿಡಿಯುವ ಮೊದಲೇ ಹೆಚ್ಚುಕಡಿಮೆ ಅಷ್ಟು ದೂರ ಬಂದಿರುತ್ತಾರೆ. ಸರಾಸರಿ ವೇಗ ಶೇ. 1ರಷ್ಟು ಏರಿದರೆ ಸಾವಿನ ಅಪಘಾತದ ಸಾಧ್ಯತೆ ಶೇ. 4ರಷ್ಟು ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೇ.

ಈಗ ಸೈಕಲ್ ಲೇನ್ ಇಲ್ಲಿ ಏನು ಮಾಡುತ್ತದೆ? ಚಾಲಕರು ಬೋರ್ಡ್ ನೋಡಿ ವೇಗ ಇಳಿಸುವುದು ಕಡಿಮೆ. ರಸ್ತೆಯ ಅಗಲ ನೋಡಿ ಇಳಿಸುತ್ತಾರೆ. ಮೂರೂವರೆ ಮೀಟರ್ ಲೇನ್ ಅನ್ನು ಮೂರಕ್ಕೆ ಇಳಿಸಿ, ಎಡಕ್ಕೆ ಕರ್ಬ್ (ಅಂಚಿನ ಎತ್ತರದ ಕಲ್ಲು) ಅಥವಾ ಗಟ್ಟಿ ಬೊಲ್ಲಾರ್ಡ್ (ಸಾಲಾಗಿ ನೆಟ್ಟ ಗಿಡ್ಡ ಕಂಬ) ಹಾಕಿದರೆ, ರಸ್ತೆಗೆ ಒಂದು ಅಂಚು ಕಾಣಿಸುತ್ತದೆ. ವಾಹನ ಅಡ್ಡಾದಿಡ್ಡಿ ನುಗ್ಗುವ ಜಾಗ ಹೋಗುತ್ತದೆ. ಎಡದಿಂದ ಹಠಾತ್ತನೆ ಓವರ್‌ಟೇಕ್ ಮಾಡುವ ಚಟಕ್ಕೆ ಜಾಗವೇ ಇರುವುದಿಲ್ಲ. ಮೂಲೆಗಳಲ್ಲಿ ಕಾರು ನಿಲ್ಲಿಸಿ ದೃಷ್ಟಿ ಮರೆಮಾಡುವುದೂ ತಪ್ಪುತ್ತದೆ. ದಾಟುವವರಿಗೆ ಇನ್ನೊಂದು ಲಾಭ ಇದೆ. ಹದಿನಾಲ್ಕು ಮೀಟರ್ ರಸ್ತೆ ದಾಟಲು ಸಾಧಾರಣ ನಡಿಗೆಯಲ್ಲಿ ಸುಮಾರು 12 ಸೆಕೆಂಡ್ ಬೇಕು. ಎಡಕ್ಕೊಂದು ಬಲಕ್ಕೊಂದು ಸೈಕಲ್ ಲೇನ್ ಬಂದು, ತಡೆಯ ಸಾಲಿನ ಬಳಿ ನಿಲ್ಲಲು ಜಾಗ ಸಿಕ್ಕರೆ, ವಾಹನಗಳ ಎದುರು ಇರಬೇಕಾದ ಹೊತ್ತು ಮೂರರಲ್ಲೊಂದು ಪಾಲು ಕಡಿಮೆಯಾಗುತ್ತದೆ. ಮಂಡಿನೋವಿನವರಿಗೆ ಆ ನಾಲ್ಕು ಸೆಕೆಂಡ್ ತುಂಬಾ ದೊಡ್ಡದು.

ಇದು ಬರೀ ಕಾಗದದ ಮೇಲಿನ ಲೆಕ್ಕ ಅಂದುಕೊಳ್ಳಬೇಡಿ. ನ್ಯೂಯಾರ್ಕ್‌ನಲ್ಲಿ 2007ರಲ್ಲಿ ಒಂಬತ್ತನೇ ಅವೆನ್ಯೂ ಎಂಬ ಏಕಮುಖ ರಸ್ತೆಯಲ್ಲಿ ಒಂದು ಪ್ರಯೋಗ ಮಾಡಿದರು. ಫುಟ್‌ಪಾತ್ ಪಕ್ಕದಲ್ಲಿ ನಿಲ್ಲುತ್ತಿದ್ದ ಕಾರುಗಳ ಸಾಲನ್ನು ರಸ್ತೆಯ ಕಡೆಗೆ ಸರಿಸಿದರು. ಸಾಲಿನ ಒಳಗೆ, ಫುಟ್‌ಪಾತ್‌ಗೆ ಅಂಟಿಕೊಂಡಂತೆ, ಸೈಕಲ್ ಲೇನ್ ಮಾಡಿದರು. ನಿಂತ ಕಾರುಗಳೇ ಗೋಡೆಯಾದವು. ಬೇರೆ ರಸ್ತೆಗಳಿಗೂ ಅದು ಹಬ್ಬಿತು. 2014ರಲ್ಲಿ ಆ ನಗರದ ಸಾರಿಗೆ ಇಲಾಖೆ ಇಂಥ ರಸ್ತೆಗಳ ಹಿಂದಿನ ಮತ್ತು ನಂತರದ ಲೆಕ್ಕ ಹೊರತಂದಿತು. ಗಾಯವಾದ ಅಪಘಾತಗಳು ಶೇ. 17 ಇಳಿದಿದ್ದವು. ಪಾದಚಾರಿಗಳ ಗಾಯ ಶೇ. 22 ಇಳಿದಿತ್ತು. ಸೈಕಲ್‌ಗೆ ಅಂತ ಮಾಡಿದ ಲೇನ್‌ನಿಂದ ನಡೆಯುವವರು ಇಷ್ಟು ಪಡೆದರು ಅನ್ನುವುದನ್ನು ನಮ್ಮ ಚರ್ಚೆಗಳಲ್ಲಿ ಯಾರೂ ಹೇಳುವುದೇ ಇಲ್ಲ.

ಇನ್ನೂ ದೊಡ್ಡ ಅಧ್ಯಯನ 2019ರದು. ವೆಸ್ಲಿ ಮಾರ್ಷಲ್ ಮತ್ತು ನಿಕೋಲಸ್ ಫೆರೆಂಚಾಕ್ ಎಂಬ ಸಂಶೋಧಕರು ಅಮೆರಿಕದ 12 ದೊಡ್ಡ ನಗರಗಳ 13 ವರ್ಷದ ಅಪಘಾತದ ದಾಖಲೆ ತೆಗೆದು ನೋಡಿದರು. ಸೈಕಲ್ ಜಾಸ್ತಿ ಇರುವ ನಗರಗಳಲ್ಲಿ ಕಾರಿನವರೂ ಸೇರಿ ಎಲ್ಲರ ಸಾವೂ ಕಡಿಮೆ ಎಂಬುದು ಮೊದಲೇ ಗೊತ್ತಿತ್ತು. ಕಾರಣ ಏನು ಎಂಬುದು ಅವರ ಪ್ರಶ್ನೆ. ಸೈಕಲ್‌ನವರ ಸಂಖ್ಯೆ ಹೆಚ್ಚಿದ್ದೇ ಕಾರಣ ಇರಬಹುದು ಎಂಬ ನಂಬಿಕೆ ಅಲ್ಲಿ ಬಹಳ ಕಾಲದಿಂದ ಇತ್ತು. ಲೆಕ್ಕ ಬೇರೆಯೇ ಹೇಳಿತು. ತಡೆ ಇರುವ, ವಾಹನಗಳಿಂದ ಬೇರ್ಪಟ್ಟ ಲೇನ್‌ಗಳು ಎಲ್ಲಿ ಜಾಸ್ತಿ ಇದ್ದವೋ ಅಲ್ಲಿ ಸಾವು ಕಡಿಮೆ. ಬರೀ ಬಣ್ಣದ ಗೆರೆಗೆ ಅಂಥ ಫಲ ಕಾಣಲಿಲ್ಲ. ಇಂಥ ಅಧ್ಯಯನ ಎರಡು ಸಂಗತಿಗಳ ನಂಟು ತೋರಿಸುತ್ತದೆ, ಒಂದರಿಂದಲೇ ಇನ್ನೊಂದು ಆಯಿತು ಎಂದು ಪೂರ್ತಿ ಸಾಬೀತು ಮಾಡುವುದಿಲ್ಲ, ಅದನ್ನು ಮರೆಯಬಾರದು. ಆದರೆ ಬೇರೆ ಬೇರೆ ದೇಶದ, ಬೇರೆ ಬೇರೆ ರೀತಿಯ ಲೆಕ್ಕಗಳು ಒಂದೇ ಕಡೆಗೆ ಬೆರಳು ತೋರಿಸಿದರೆ ಕಿವಿಗೊಡಬೇಕು, ಅಲ್ವಾ? ಕೆನಡಾದ ವ್ಯಾಂಕೂವರ್ ಮತ್ತು ಟೊರಾಂಟೊದಲ್ಲಿ ಗಾಯಗೊಂಡು ಆಸ್ಪತ್ರೆಗೆ ಬಂದ 690 ಸೈಕಲ್ ಸವಾರರನ್ನು ಮಾತಾಡಿಸಿ 2012ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅಂಚಿನಲ್ಲಿ ಕಾರು ನಿಂತ, ಸೈಕಲ್‌ಗೆ ಏನೂ ಇಲ್ಲದ ಮುಖ್ಯರಸ್ತೆಗೆ ಹೋಲಿಸಿದರೆ, ಪ್ರತ್ಯೇಕ ಸೈಕಲ್ ಪಥದಲ್ಲಿ ಗಾಯದ ಅಪಾಯ ಸುಮಾರು ಒಂಬತ್ತರಲ್ಲಿ ಒಂದು ಪಾಲು ಮಾತ್ರ.

ಬಣ್ಣದ ಗೆರೆಯ ಕಥೆ ಬೆಂಗಳೂರಿಗೆ ಹೊಸದೇನಲ್ಲ. 2012ರ ಸುಮಾರಿಗೆ ಜಯನಗರದಲ್ಲಿ ಸೈಕಲ್ ಲೇನ್ ಬಂತು. ಜಯನಗರ ಆರಿಸಿದ್ದು ಸರಿಯಾಗಿತ್ತು. ಮರದ ನೆರಳಿನ ಅಗಲ ರಸ್ತೆಗಳು, ಶಾಲೆ ಕಾಲೇಜುಗಳು, ಹತ್ತಿರದಲ್ಲೇ ಮಾರುಕಟ್ಟೆ. ಲೇನ್ ಮಾತ್ರ ಹೆಚ್ಚಿನ ಕಡೆ ಗೆರೆಯಾಗಿಯೇ ಉಳಿಯಿತು. ಗೆರೆಯ ಮೇಲೆ ಕಾರು ನಿಂತವು, ಆಮೇಲೆ ಗೆರೆ ಮಾಸಿತು. ಜನರಿಗೆ ಶಿಸ್ತಿಲ್ಲ ಅಂತ ಬೈದು ಸುಮ್ಮನಾಗುವುದು ಸುಲಭ. ಆದರೆ ಖಾಲಿ ಕಾಣುವ ಜಾಗ, ದಂಡ ಇಲ್ಲ, ಅಡ್ಡ ಏನೂ ಇಲ್ಲ ಅಂದರೆ ಯಾವ ಊರಲ್ಲೂ ವಾಹನ ನಿಲ್ಲುತ್ತದೆ. ಅದೂ ಅಲ್ಲದೆ, ಗೆರೆಯಿಂದ ಹಾನಿಯೂ ಆಗಬಹುದು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಸೈಕಲ್‌ಗಳಿಗೆ ಅಳತೆಯ ಸಾಧನ ಕಟ್ಟಿ ನೋಡಿದಾಗ, ಗೆರೆ ಇರುವ ರಸ್ತೆಯಲ್ಲಿ ಕಾರುಗಳು ಸೈಕಲ್‌ಗೆ ಇನ್ನೂ ಹತ್ತಿರದಿಂದ ಹಾದುಹೋಗುತ್ತಿದ್ದದ್ದು ಕಂಡುಬಂತು. ಗೆರೆಯ ಈಚೆ ನನ್ನದು ಅನ್ನುವ ಭಾವನೆ ಚಾಲಕರಿಗೆ ಬಂದುಬಿಡುತ್ತದೆ, ಎಷ್ಟು ದೂರ ಬಿಡಬೇಕು ಅಂತ ಯೋಚಿಸುವುದು ನಿಲ್ಲುತ್ತದೆ.

ಎರಡನೇ ಪ್ರಯತ್ನ 2020ರದು, ಹೊರ ವರ್ತುಲ ರಸ್ತೆಯದು. ಕೋವಿಡ್ ಕಾಲದಲ್ಲಿ ಡಲ್ಟ್ ಎಂದು ಎಲ್ಲರೂ ಕರೆಯುವ ನಗರ ಭೂ ಸಾರಿಗೆ ನಿರ್ದೇಶನಾಲಯ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ ಸುಮಾರು 17 ಕಿ.ಮೀ. ಉದ್ದದ ತಾತ್ಕಾಲಿಕ ಸೈಕಲ್ ಲೇನ್ ಯೋಜಿಸಿತು. ಈ ಬಾರಿ ಗೆರೆಯ ಜೊತೆ ಬಾಗುವ ಬೊಲ್ಲಾರ್ಡ್‌ಗಳೂ ಬಂದವು. ಅದಕ್ಕೂ ಒಂದು ವರ್ಷ ಮೊದಲು, 2019ರಲ್ಲಿ, ಅದೇ ರಸ್ತೆಯಲ್ಲಿ ಬಸ್ಸುಗಳಿಗೆ ಆದ್ಯತೆಯ ಲೇನ್ ಶುರುವಾಗಿತ್ತು. ಬಸ್ಸಿಗೊಂದು ದಾರಿ, ಸೈಕಲ್‌ಗೊಂದು ದಾರಿ ಇರುವ ಐಟಿ ಕಾರಿಡಾರ್! ಆ ಹೊತ್ತಿನಲ್ಲಿ ಅದು ದೇಶಕ್ಕೇ ಮಾದರಿ ಆಗಬಹುದಿತ್ತು. ಆಮೇಲೆ ಮೆಟ್ರೊ ಕಂಬಗಳ ಕೆಲಸ ಬಂತು. ಬಸ್ ಲೇನೂ ಹೋಯಿತು, ಸೈಕಲ್ ಲೇನೂ ಹೋಯಿತು. ಮೆಟ್ರೊ ಬೇಡ ಅಂತ ಯಾರೂ ಹೇಳುವುದಿಲ್ಲ. ಆದರೆ ಜಾಗ ಬೇಕಾದಾಗ ಮೊದಲು ಮಾಯವಾಗುವುದು ಯಾವುದು ಎಂಬುದು ಅಲ್ಲಿ ಸ್ಪಷ್ಟವಾಯಿತು. ಅದೇ 2020ರಲ್ಲಿ ಪ್ಯಾರಿಸ್ ಮತ್ತು ಕೊಲಂಬಿಯಾದ ಬೊಗೊಟಾ ಕೂಡ ತಾತ್ಕಾಲಿಕ ಲೇನ್ ಹಾಕಿದವು. ಅವುಗಳಲ್ಲಿ ಬಹಳಷ್ಟನ್ನು ಮುಂದೆ ಕಾಯಂ ಮಾಡಿದರು. ಬೊಗೊಟಾ ಶ್ರೀಮಂತ ನಗರವೇನಲ್ಲ. ಅಲ್ಲೂ ಟ್ರಾಫಿಕ್ ಜಾಮ್ ಇದೆ, ಬೈಕುಗಳ ಹಾವಳಿ ಇದೆ. ಆದರೂ ಅಲ್ಲಿ ಈಗ 500 ಕಿ.ಮೀ.ಗೂ ಹೆಚ್ಚು ಸೈಕಲ್ ಪಥ ಇದೆ.

ಇಲ್ಲಿ ಸ್ವಲ್ಪ ನಿಂತು ಜಂಕ್ಷನ್‌ಗಳ ಬಗ್ಗೆ ಹೇಳಲೇಬೇಕು. ಲೇನ್ ಹಾಕಿದ್ದೇವೆ ಅಂತ ಫೋಟೊ ತೆಗೆಸಿಕೊಳ್ಳುವವರು ಸಾಮಾನ್ಯವಾಗಿ ನೇರ ರಸ್ತೆಯ ಫೋಟೊ ತೆಗೆಯುತ್ತಾರೆ. ಜೀವ ಹೋಗುವುದು ಹೆಚ್ಚಾಗಿ ತಿರುವಿನಲ್ಲಿ. ಸೈಕಲ್ ನೇರ ಹೋಗುತ್ತಿರುತ್ತದೆ. ಪಕ್ಕದ ಲಾರಿ ಅಥವಾ ಬಸ್ ಎಡಕ್ಕೆ ತಿರುಗುತ್ತದೆ. ಚಾಲಕರ ಕನ್ನಡಿಗೆ ಸೈಕಲ್ ಕಾಣುವುದಿಲ್ಲ. ಹಿಂದಿನ ಚಕ್ರ ಒಳಕ್ಕೆ ಬರುತ್ತದೆ. ಡಚ್ಚರು ಇದಕ್ಕೆ ಒಳ್ಳೆಯ ಉಪಾಯ ಕಂಡುಕೊಂಡಿದ್ದಾರೆ. ಮೂಲೆಯಲ್ಲಿ ಒಂದು ಸಣ್ಣ ಕಲ್ಲಿನ ದ್ವೀಪ ಕಟ್ಟುತ್ತಾರೆ. ವಾಹನ ಅದನ್ನು ಸುತ್ತಿಕೊಂಡೇ ತಿರುಗಬೇಕು, ಹಾಗಾಗಿ ನಿಧಾನ ಆಗಲೇಬೇಕು. ತಿರುಗಿ ಮುಗಿಸುವ ಹೊತ್ತಿಗೆ ಸೈಕಲ್ ಮತ್ತು ಪಾದಚಾರಿ ಚಾಲಕರ ಕಣ್ಣಿನ ನೇರಕ್ಕೆ ಬಂದಿರುತ್ತಾರೆ, ಕನ್ನಡಿ ನಂಬಬೇಕಾಗಿಲ್ಲ. ನಮ್ಮಲ್ಲಿ ನಡೆಯುವುದು ಇದರ ಉಲ್ಟಾ. ಎಷ್ಟೋ ಸಿಗ್ನಲ್‌ಗಳಲ್ಲಿ ಫ್ರೀ ಲೆಫ್ಟ್ ಅಂತ ಮೂಲೆಯನ್ನು ಸವರಿ ದುಂಡಗೆ ಮಾಡಿದ್ದೇವೆ. ವಾಹನ ಬ್ರೇಕ್ ಮುಟ್ಟದೆ ಎಡಕ್ಕೆ ಹೋಗಬಹುದು. ದಾಟುವವರಿಗೆ ಯಾವತ್ತೂ ಹಸಿರು ಬರುವುದಿಲ್ಲ. ಫ್ರೀ ಲೆಫ್ಟ್ ಹಾಗೇ ಇಟ್ಟುಕೊಂಡು ಸೈಕಲ್ ಲೇನ್ ಮಾಡಿದರೆ ಅರ್ಧ ಕೆಲಸ ಮಾಡಿದ ಹಾಗೆ. ನನ್ನ ಮಟ್ಟಿಗೆ, ಹತ್ತು ಕಿ.ಮೀ. ಲೇನ್‌ಗಿಂತ ಹತ್ತು ಜಂಕ್ಷನ್ ಸರಿ ಮಾಡುವುದು ಮೊದಲು ಆಗಬೇಕು.

ಬಸ್ ನಿಲ್ದಾಣವೂ ಹಾಗೇ. ಎಡ ಅಂಚಿನ ಲೇನ್‌ಗೆ ಬಸ್ ನುಗ್ಗಿ ನಿಂತರೆ ಸೈಕಲ್‌ನವರು ಬಲಕ್ಕೆ, ವಾಹನಗಳ ನಡುವೆ ಹೋಗಬೇಕು. ಬಸ್ ಕಾಯುವವರೂ ರಸ್ತೆಗೆ ಇಳಿದೇ ನಿಂತಿರುತ್ತಾರೆ. ನಿಲ್ದಾಣದ ಕಟ್ಟೆಯನ್ನು ರಸ್ತೆಯ ಅಂಚಿಗೆ ತಂದು, ಅದರ ಹಿಂದಿನಿಂದ ಸೈಕಲ್ ಹೋಗುವಂತೆ ಮಾಡಿದರೆ ಬಿಎಂಟಿಸಿ ಬಸ್ ಲೇನ್ ಬಿಡದೆ ನಿಲ್ಲಬಹುದು, ಮತ್ತೆ ಟ್ರಾಫಿಕ್‌ಗೆ ಸೇರಲು ಒದ್ದಾಡಬೇಕಿಲ್ಲ.

ಸ್ಕೂಟರ್, ಬೈಕ್ ಒಳಗೆ ನುಗ್ಗುತ್ತವಲ್ಲ ಅಂತ ಕೇಳುತ್ತೀರಿ. ಇದು ನ್ಯಾಯವಾದ ಪ್ರಶ್ನೆ, ನ್ಯೂಯಾರ್ಕ್‌ನಲ್ಲಿ ಇಷ್ಟು ದೊಡ್ಡದಾಗಿ ಇಲ್ಲದ ಪ್ರಶ್ನೆ. ಬೆಂಗಳೂರಿನ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ, ಅದರಲ್ಲಿ ಹೆಚ್ಚಿನವು ದ್ವಿಚಕ್ರ ವಾಹನಗಳೇ. ಫುಟ್‌ಪಾತ್ ಮೇಲೇ ಬೈಕ್ ಹತ್ತಿಸುವ ಊರಿದು. ಬೊಲ್ಲಾರ್ಡ್ ನಡುವಿನ ಅಂತರ ಕಿರಿದು ಮಾಡಿದರೆ ಗಾಲಿಕುರ್ಚಿಯವರಿಗೂ ಕಷ್ಟ. ಹಾಗಾಗಿ ಲೇನ್ ಅನ್ನು ಫುಟ್‌ಪಾತ್ ಮತ್ತು ರಸ್ತೆಯ ನಡುವಿನ ಎತ್ತರಕ್ಕೆ ಏರಿಸಿ ಕಟ್ಟುವುದು, ಒಳಗೆ ಬರುವ ದಾರಿಗಳನ್ನು ಕಡಿಮೆ ಮಾಡುವುದು, ಕ್ಯಾಮೆರಾ ಇಟ್ಟು ದಂಡ ಹಾಕುವುದು, ಇಷ್ಟೂ ಒಟ್ಟಿಗೆ ಬೇಕು. ಆದರೂ ಕೆಲವರು ನುಗ್ಗುತ್ತಾರೆ. ಒಂದು ಲೇನ್ ನೂರಕ್ಕೆ ನೂರು ಪರಿಶುದ್ಧ ಆಗುವವರೆಗೆ ಕಾಯುತ್ತಾ ಕೂತರೆ ಏನೂ ಆಗುವುದಿಲ್ಲ. ಕಿರಿದಾದ ಲೇನ್‌ನಲ್ಲಿ ಬೈಕ್ 60ರಲ್ಲಿ ಓಡಲಾರದು ಎಂಬುದೂ ನೆನಪಿರಲಿ.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಸೈಕಲ್ ಹೊಡೆಯೋರು ಯಾರು? ವಾರಾಂತ್ಯಕ್ಕೆ ಹೆಲ್ಮೆಟ್ ಹಾಕಿಕೊಂಡು ನಂದಿ ಬೆಟ್ಟಕ್ಕೆ ಹೊರಡುವವರು ನಮ್ಮ ಕಣ್ಣಿಗೆ ಬೇಗ ಬೀಳುತ್ತಾರೆ. ಪೀಣ್ಯದ ಕಾರ್ಖಾನೆಗೆ ಹೋಗುವವರು, ಕಟ್ಟಡ ಕೆಲಸದವರು, ಮನೆ ಮನೆಗೆ ಇಸ್ತ್ರಿ ಬಟ್ಟೆ ತಲುಪಿಸುವವರು, ಸೊಪ್ಪು ಮಾರುವವರು ಬೀಳುವುದಿಲ್ಲ. ಈಗ ಅವರ ಜೊತೆ ಇನ್ನೊಂದು ದೊಡ್ಡ ಗುಂಪು ಸೇರಿದೆ. ಯುಲು ತರಹದ ಗಂಟೆಗೆ 25 ಕಿ.ಮೀ. ಮೀರದ ವಿದ್ಯುತ್ ಗಾಡಿಗಳಲ್ಲಿ ಊಟ, ದಿನಸಿ ತಲುಪಿಸುವ ಹುಡುಗರು. ಇಂಥ ಗಾಡಿಗೆ ಲೈಸೆನ್ಸ್ ಬೇಕಿಲ್ಲ. 60ರಲ್ಲಿ ಓಡುವ ಕಾರಿನ ಪಕ್ಕ ಇವರಿಗೆ ಜಾಗ ಇಲ್ಲ, ಫುಟ್‌ಪಾತ್ ಮೇಲೆ ಇವರು ಬರಬಾರದು. ಇವರಿಗೆ ಜಾಗ ಎಲ್ಲಿ? ಹತ್ತು ನಿಮಿಷದಲ್ಲಿ ಸಾಮಾನು ಬೇಕು ಅನ್ನುವ ನಗರ ಇದಕ್ಕೆ ಉತ್ತರ ಕೊಡಬೇಕು.

ಭಯದಿಂದ ಸೈಕಲ್ ಬಿಟ್ಟವರ ಲೆಕ್ಕ ಯಾವ ಸಮೀಕ್ಷೆಯಲ್ಲೂ ಸುಲಭವಾಗಿ ಸಿಗುವುದಿಲ್ಲ. ಸ್ಪೇನ್‌ನ ಸೆವಿಲ್ ನಗರ ಇದಕ್ಕೆ ಒಳ್ಳೆಯ ಸಾಕ್ಷಿ. 2006ರ ಹೊತ್ತಿಗೆ ಅಲ್ಲಿ ಸೈಕಲ್ ತುಳಿಯುವವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬೇಸಿಗೆಯಲ್ಲಿ 40 ಡಿಗ್ರಿ ಬಿಸಿಲು, ಇಲ್ಲಿ ಯಾರು ತುಳಿಯುತ್ತಾರೆ ಅಂತ ಅಲ್ಲೂ ಕೇಳಿದ್ದರು. ನಗರಾಡಳಿತ ತುಂಡು ತುಂಡಾಗಿ ಮಾಡದೆ, ಒಂದಕ್ಕೊಂದು ಸೇರುವ ತಡೆಯುಳ್ಳ ಲೇನ್‌ಗಳ ಜಾಲವನ್ನೇ ಕೆಲವೇ ವರ್ಷಗಳಲ್ಲಿ ಕಟ್ಟಿತು. ಸೈಕಲ್ ಓಡಾಟ ಹಲವು ಪಟ್ಟು ಏರಿತು, ಪ್ರತಿ ಸವಾರರ ಮೇಲಿನ ಅಪಾಯ ಇಳಿಯಿತು. ನಮ್ಮ ಹವಾಮಾನ ಸೆವಿಲ್‌ಗಿಂತ ಎಷ್ಟೋ ಹಿತ. ಮೆಟ್ರೊ ಈಗ ವೈಟ್‌ಫೀಲ್ಡ್, ಚಲ್ಲಘಟ್ಟ, ಮಾದಾವರ, ಬೊಮ್ಮಸಂದ್ರದವರೆಗೆ ಹೋಗಿದೆ. ನಿಲ್ದಾಣದಿಂದ ಮನೆಗೆ ಎರಡು ಕಿ.ಮೀ. ಇರುವವರು ಆಟೊ ಜೊತೆ ಚೌಕಾಸಿ ಮಾಡುತ್ತಾ ನಿಂತಿದ್ದಾರೆ. ಮೊದಲ ಲೇನ್‌ಗಳು ಬರಬೇಕಾದದ್ದು ಇಲ್ಲೇ, ನಿಲ್ದಾಣಗಳ ಸುತ್ತ.

ರಸ್ತೆಯಲ್ಲಿ ಜಾಗ ಎಲ್ಲಿದೆ ಅನ್ನುವ ಮಾತಿಗೂ ಉತ್ತರ ಇದೆ. ನಮ್ಮ ಬಹುಪಾಲು ಮುಖ್ಯರಸ್ತೆಗಳಲ್ಲಿ ಎಡ ಅಂಚು ಈಗಲೂ ಓಡಾಟಕ್ಕೆ ಸಿಗುತ್ತಿಲ್ಲ. ನಿಂತ ಕಾರು, ಸಾಮಾನು ಇಳಿಸುವ ಟೆಂಪೊ, ಜಲ್ಲಿ ರಾಶಿ, ಅಗೆದು ಬಿಟ್ಟ ಗುಂಡಿ ಅಲ್ಲಿ ಕೂತಿವೆ. ಎಷ್ಟು ವಾಹನ ಮುಂದೆ ಹೋಗಬಹುದು ಎಂಬುದನ್ನು ತೀರ್ಮಾನಿಸುವುದು ಸಿಗ್ನಲ್, ನಡುರಸ್ತೆಯ ಅಗಲ ಅಷ್ಟಾಗಿ ಅಲ್ಲ. ಅಮೆರಿಕದ ನಗರ ಸಾರಿಗೆ ಅಧಿಕಾರಿಗಳ ಒಕ್ಕೂಟದ ಅಂದಾಜಿನಂತೆ, ಹತ್ತು ಅಡಿ ಅಗಲದ ಒಂದು ಲೇನ್ ಕಾರುಗಳಿಗಿದ್ದರೆ ಗಂಟೆಗೆ 600ರಿಂದ 1,600 ಜನರನ್ನು ಸಾಗಿಸುತ್ತದೆ. ಅಷ್ಟೇ ಜಾಗ ಎರಡು ದಿಕ್ಕಿನ ತಡೆಯುಳ್ಳ ಸೈಕಲ್ ಪಥಕ್ಕೆ ಸಿಕ್ಕರೆ 6,500ರಿಂದ 7,500 ಜನ. ಹಣದ ಮಾತಿಗೆ ಬಂದರೆ, ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುಮಾರು 17 ಕಿ.ಮೀ. ಸುರಂಗ ರಸ್ತೆಗೆ 17 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಅಂದಾಜು ಇಟ್ಟುಕೊಂಡು ಚರ್ಚೆ ನಡೆಸುವ ನಗರ, ಕರ್ಬ್ ಕಲ್ಲಿಗೆ ದುಡ್ಡಿಲ್ಲ ಅನ್ನಲಾರದು.

ಕಟ್ಟಲು ನಮಗೆ ಬರುವುದಿಲ್ಲ ಅಂತಲೂ ಇಲ್ಲ. ಟೆಂಡರ್‌ಶ್ಯೂರ್ ಯೋಜನೆಯಲ್ಲಿ ರೆಸಿಡೆನ್ಸಿ ರಸ್ತೆ, ವಿಠ್ಠಲ್ ಮಲ್ಯ ರಸ್ತೆಗಳನ್ನು ಮತ್ತೆ ಕಟ್ಟಿದಾಗ ಪೈಪು, ಕೇಬಲ್‌ಗಳನ್ನು ಫುಟ್‌ಪಾತ್ ಕೆಳಗೆ ಸಾಲಾಗಿ ಇಟ್ಟರು, ಫುಟ್‌ಪಾತ್ ಅಗಲ ಮಾಡಿದರು, ವಾಹನದ ಲೇನ್‌ಗಳನ್ನು ಒಂದೇ ಅಳತೆಗೆ ತಂದರು. ಆ ರಸ್ತೆಗಳಲ್ಲಿ ನಡೆದವರಿಗೆ ವ್ಯತ್ಯಾಸ ಗೊತ್ತಿದೆ. ಪಾದಚಾರಿ ಮತ್ತು ಸೈಕಲ್ ಸವಾರರ ಹಕ್ಕುಗಳಿಗಾಗಿ ಡಲ್ಟ್ ಒಂದು ಸಕ್ರಿಯ ಸಂಚಾರ ಮಸೂದೆಯ ಕರಡನ್ನೂ ಬರೆದಿಟ್ಟಿದೆ.

ಈಗ ಅವಸರ ಯಾಕೆ ಅಂದರೆ ವೈಟ್ ಟಾಪಿಂಗ್. ಮುಖ್ಯರಸ್ತೆಗಳಿಗೆ ಒಂದೊಂದಾಗಿ ಕಾಂಕ್ರೀಟ್ ಬೀಳುತ್ತಿದೆ. ಡಾಂಬರಿನ ಹಾಗೆ ಅದನ್ನು ಎರಡು ಮೂರು ವರ್ಷಕ್ಕೊಮ್ಮೆ ಕಿತ್ತು ಹಾಕುವುದಿಲ್ಲ. ಇಂದು ಸುರಿದ ಅಗಲವೇ ದಶಕಗಳ ಕಾಲ ಉಳಿಯುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದಿವೆ. ಪ್ರತಿ ಪಾಲಿಕೆಯೂ ತನ್ನ ರಸ್ತೆಗಳ ನಕ್ಷೆಯನ್ನು ಹೊಸದಾಗಿ ಹಿಡಿದು ಕೂರುವ ಸಮಯ ಇದು. ನಿಮ್ಮ ಬಡಾವಣೆಯ ರಸ್ತೆಗೆ ಕಾಂಕ್ರೀಟ್ ಕೆಲಸದ ಬೋರ್ಡ್ ಬಿದ್ದರೆ, ಎಂಜಿನಿಯರ್ ಹತ್ತಿರ ಹೋಗಿ ಡ್ರಾಯಿಂಗ್ ಕೇಳಿ. ವಾಹನದ ಲೇನ್ ಎಷ್ಟು ಮೀಟರ್ ಇಟ್ಟಿದ್ದಾರೆ, ಎಡ ಅಂಚಿನಲ್ಲಿ ಕರ್ಬ್‌ನ ಒಳಗೆ ಕನಿಷ್ಠ ಎರಡು ಮೀಟರ್ ಸೈಕಲ್‌ಗೆ ಇದೆಯೇ, ಜಂಕ್ಷನ್‌ನಲ್ಲಿ ಮೂಲೆಯ ತಿರುವು ಎಷ್ಟು ಬಿಗಿ ಇದೆ, ಈ ಮೂರು ಅಳತೆ ನೋಡಿ. ಸರಿ ಇಲ್ಲದಿದ್ದರೆ ಕಾಂಕ್ರೀಟ್ ಬೀಳುವ ಮೊದಲೇ ಬರವಣಿಗೆಯಲ್ಲಿ ಆಕ್ಷೇಪ ಕೊಡಿ, ಅಕ್ಕಪಕ್ಕದ ಶಾಲೆಯ ಪೋಷಕರ ಸಹಿಯನ್ನೂ ಸೇರಿಸಿ.